ಡಯೋಡಿನ ಹೆಚ್ಚುವರಿ ಪ್ರಭಾರ

ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕಾರಣಕ್ಕೆ ನಮ್ಮೂರ ನೀರಿನ ಟ್ಯಾಂಕಿನ ಸೈರನ್ನಿನೊಳಗಿದ್ದ ಡಯೋಡನ್ನು ಪಂಚಾಯ್ತಿ ಅಮಾನತು ಮಾಡಿದೆ. ಆದೇಶ ಕ್ರಮಬದ್ಧವಾಗಿದೆ.

ನಮ್ಮಲ್ಲಿ ನಳದ ನೀರು ಎಂಟು ದಿನಕ್ಕೊಮ್ಮೆ, ಒಂದು ತಾಸು. ಬಂತೆಂದು ತಿಳಿಸಲು ಸೈರನ್ ತಂದರು. ಬ್ಯಾಟರಿಗೆ ಪೂಜೆಯಾಯಿತು. ಮುಖ ಪೂರ್ವಕ್ಕಿರಬೇಕೆಂದು ಅದನ್ನು ತಿರುಗಿಸಿ ಇಟ್ಟರು. ತಂತಿ ಗಿಡ್ಡ. ಕೆಂಪು ತಂತಿಗೆ ಮೈನಸ್ ಎಟುಕಿತು, ಕಪ್ಪಿಗೆ ಪ್ಲಸ್. ಹಾಗೇ ಬಿಗಿದರು. ಸೈರನ್ ಕೂಗಲಿಲ್ಲ.

ಊರ ಕೊನೆಯ ಮನೆಯ ಫಕೀರವ್ವನಿಗೆ ಎರಡು ಸಲ ನೀರು ತಪ್ಪಿತು. ಖಾಲಿ ಕೊಡ ತಂದು ಪಿಡಿಒ ಕೃಷ್ಣಾಜಿಯವರ ಮೇಜಿನ ಮೇಲಿಟ್ಟಳು.

"ಮೂರನೇದ್ದೂ ತಪ್ಪಿದ್ರ ನಿಮ್ಮ ಮನ್ಯಾಗ ಬಂದು ಕುಂದರತೀನ್ರಿ ಸಾಹೇಬ್ರ. ಎಮ್ಮಿ ಹೊಡ್ಕೊಂಡು."

ಸಾಹೇಬರು ನವಲಗುಂದದಿಂದ ರಿಪೇರಿಯ ಆಸೀಫನನ್ನು ಕರೆಸಿದರು. ಅವನು ಪೆಟ್ಟಿಗೆ ಬಿಚ್ಚಿ, ಜೋಳದ ಕಾಳಿನಷ್ಟು ಕರಿ ವಸ್ತು ತೋರಿಸಿದ. ಒಂದು ತುದಿಗೆ ಬೆಳ್ಳಿ ಗೆರೆ.

"ಇದು ಡಯೋಡ್ರಿ. ಕರೆಂಟ್ ಒಂದ ಕಡಿಗೆ ಬಿಡತೈತಿ. ಉಲ್ಟಾ ಬಂದ್ರ ಬಿಡಂಗಿಲ್ಲ. ನಿಮ್ಮ ಬ್ಯಾಟರಿ ಉಲ್ಟಾ ಐತಿ. ಇದು ತಡದದ್ದಕ್ಕ ಸೈರನ್ ಸುಟ್ಟಿಲ್ಲ."

"ತಡದದ್ದು ಇದ ಅಂತೀ?"

"ಹೌದ್ರಿ. ಬ್ಯಾಟರಿ ತಿರುಗಿಸಿದ್ರ ಆತು."

"ಪೂಜಿ ಆದ ಬ್ಯಾಟರಿ. ತಿರುಗಿಸಾಕ ಬರಂಗಿಲ್ಲ. ತಡದದ್ದು ಇದ ಅಂತ ಬರದು ಸಹಿ ಮಾಡು."

ಆಸೀಫ ಸಹಿ ಮಾಡಿದ.

ಡಯೋಡಿಗೆ ಕಾರಣ ಕೇಳಿ ನೋಟಿಸು ಹೋಯಿತು. ಪೆಟ್ಟಿಗೆಗೆ ಅಂಟಿಸಿದರು: "ಮೂರು ದಿನದೊಳಗೆ ಉತ್ತರಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಲಾಗುವುದು." ಹೇಳಿಕೆ ಏನೂ ಇರಲಿಲ್ಲ. ಡಯೋಡನ್ನು ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಅಮಾನತಾದವರ ಜಾಗ ಖಾಲಿ ಬಿಡುವಂತಿಲ್ಲ. ನೀರು ಬಿಡುವ ಗೂಳಪ್ಪನಿಗೆ ಡಯೋಡಿನ ಹೆಚ್ಚುವರಿ ಪ್ರಭಾರ ವಹಿಸಲಾಯಿತು. ಗುರುತಿಗೆ ತೋಳಿಗೊಂದು ಬೆಳ್ಳಿ ಬಣ್ಣದ ಪಟ್ಟಿ. ಆದೇಶ ಹೀಗಿತ್ತು: "ಪ್ರಭಾರಿಯು ಟ್ಯಾಂಕಿನಿಂದ ಊರ ಕೊನೆಯವರೆಗೆ ಕೂಗುತ್ತ ಹೋಗತಕ್ಕದ್ದು. ಡಯೋಡಿನ ನಿಯಮದಂತೆ, ಊರಿನಿಂದ ಕಚೇರಿಯ ಕಡೆಗೆ ಯಾವ ಮಾತನ್ನೂ ತರತಕ್ಕದ್ದಲ್ಲ."

ಎಂಟನೇ ದಿನ ಗೂಳಪ್ಪ ಸೈಕಲ್ ಮೇಲೆ "ನೀರ ಬಂತ್ರೋ" ಎನ್ನುತ್ತ ಹೋದ. ಫಕೀರವ್ವನ ಹಂಡೆ ತುಂಬಿತು. ಎಮ್ಮೆಯೂ ಕುಡಿಯಿತು. ಸಾಹೇಬರ ಮನೆ ಉಳಿಯಿತು.

ಅವನು ಸೈಕಲ್ ತಿರುಗಿಸುವಾಗ ಫಕೀರವ್ವ ಕರೆದಳು.

"ಲೇ ಗೂಳ್ಯಾ, ಓಣ್ಯಾಗ ಪೈಪ್ ಒಡದೈತಿ. ಸಾಹೇಬ್ರಿಗೆ ಹೇಳು."

ಗೂಳಪ್ಪ ತೋಳಿನ ಪಟ್ಟಿ ತೋರಿಸಿದ.

"ಹೌದಲ್ಲ, ಮರತಿದ್ದೆ," ಎಂದಳು ಫಕೀರವ್ವ. "ಹೋಗು ಹೋಗು. ನಿನ್ನ ಡ್ಯೂಟಿ ಕೆಡಬಾರದು."