ಪಾನಾ ಹಿಡಿದ ಕರ್ನಲ್ ಮಾಮಾ

ದೇಶದ ಗಡಿ ಕಾಯ್ದವರು ಲಕ್ಷಗಟ್ಟಲೆ ಇದ್ದಾರೆ. ಆದರೆ ಗಡಿಯನ್ನೂ ಕಾಯ್ದು, ರಜೆಗೆ ಬಂದಾಗ ಹುನಗುಂದ ತಾಲೂಕಿನ ಸಡಿಲಾದ ನಟ್ಟುಗಳನ್ನೂ ಬಿಗಿ ಮಾಡಿ ಹೋದವನು ನಮ್ಮ ಮಾಮಾ ಒಬ್ಬನೇ! ಉತ್ಪ್ರೇಕ್ಷೆ ಅಂತೀರಾ? ಎಪ್ಪತ್ತರ ದಶಕದ ನಮ್ಮೂರ ಹಿಟ್ಟಿನ ಗಿರಣಿಯನ್ನು ಕೇಳಿ, ಕೈಪಂಪಿನ ಬೋರಿಂಗನ್ನು ಕೇಳಿ, ಹೆಡ್ ಮಾಸ್ತರರ ಸೈಕಲ್ಲನ್ನು ಕೇಳಿ. ಅವಕ್ಕೆ ಬಾಯಿ ಇಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ಮಾಮಾ ಎಂದರೆ ನಮ್ಮವ್ವನ ಒಬ್ಬನೇ ತಮ್ಮ. ಅವರದು ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ಅವನಿಗೆ ಹದಿನಾರು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ನಮ್ಮಜ್ಜ, ಅಂದರೆ ಅವನ ಅಪ್ಪ, ಹಿಂಡನ್ನು ಮಗನಿಗೆ ಒಪ್ಪಿಸಿ ಇಳಕಲ್ಲ ಸಂತೆಗೆ ಹೋದ. ಮಗ ಅದನ್ನು ಅಕ್ಕನಿಗೆ ಒಪ್ಪಿಸಿ ಬಾಗಲಕೋಟೆಗೆ ಹೋದ! ಅಲ್ಲಿ ಮಿಲಿಟರಿಗೆ ಹುಡುಗರನ್ನು ಆರಿಸುತ್ತಿದ್ದರು. ಎದೆ ಅಳೆದರು, ಎತ್ತರ ಅಳೆದರು, ನಾಲ್ಕು ಲೆಕ್ಕ ಬಿಡಿಸಲು ಕೊಟ್ಟರು, ಫಿಟ್ಟರ್ ಕೆಲಸ ಕಲಿಯುವ ಅಪ್ರೆಂಟಿಸ್ ಎಂದು ಬರೆದುಕೊಂಡರು. ಅಜ್ಜ ಸಂತೆಯಿಂದ ಬರುವಷ್ಟರಲ್ಲಿ ಮಗ ಸರ್ಕಾರದ ಪಾಲಾಗಿದ್ದ.

"ಹಿಂಡ ಬಿಟ್ಟ ಹೋದಾಂವನ ಸುದ್ದಿ ನನಗ ಬ್ಯಾಡ," ಎಂದ ಅಜ್ಜ.

ಆದರೂ ಮೊದಲ ಕಾಗದ ಬಂದಾಗ ಅವ್ವನ ಕಡೆ ಓದಿಸಿ ಕೇಳಿದನಂತೆ. ಉಸ್ತಾದರು ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟಿದ್ದಾರೆ, ಆರೂ ಮೈ ಸಮ ಆಗುವವರೆಗೆ ಉಜ್ಜು ಅಂದಿದ್ದಾರೆ, ಎರಡು ತಿಂಗಳಿಂದ ಉಜ್ಜುತ್ತಲೇ ಇದ್ದೇನೆ ಎಂದು ಮಾಮಾ ಬರೆದಿದ್ದ.

"ಉಜ್ಜಾಕ ನಮ್ಮನ್ಯಾಗ ಎಮ್ಮಿ ಇರಲಿಲ್ಲೇನು?" ಎಂದ ಅಜ್ಜ.

ಮಗನ ನೌಕರಿಯ ಬಗ್ಗೆ ಅವನು ಕೇಳಿದ ಪ್ರಶ್ನೆ ಅದೊಂದೇ. ಮುಂದೆ ಮೂವತ್ತು ವರ್ಷ ಆ ಮಾತೇ ಎತ್ತಲಿಲ್ಲ. ಮಾಮಾನಿಗೋ, ಅಪ್ಪ ಒಮ್ಮೆಯಾದರೂ ಕೇಳಲಿ ಎಂಬ ಹಂಬಲ. ತೋಳಿಗೆ ಬಡ್ತಿಯ ಪಟ್ಟಿ ಬಂದ ವರ್ಷ ಆ ತೋಳನ್ನೇ ಮುಂದೆ ಮಾಡಿಕೊಂಡು ಅಜ್ಜನೆದುರು ಕೂತ. ಅಜ್ಜ ಆಕಾಶ ನೋಡುತ್ತ, "ಆ ಕಡೆ ಮಳಿ ಹೆಂಗೈತಿ?" ಎಂದ. ಪಟ್ಟಿ ಎರಡಾದವು, ಮೂರಾದವು. ಮಳೆಯ ವಿಚಾರಣೆ ಮಾತ್ರ ಬದಲಾಗಲಿಲ್ಲ! ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಮಾಮಾ ಪರೀಕ್ಷೆಗೆ ಕೂತು ಆಫೀಸರನೇ ಆದ. ಹೆಗಲ ಮೇಲೆ ನಕ್ಷತ್ರ ಮಿಂಚಿಸುತ್ತ ಬಂದು ನಿಂತರೆ ಅಜ್ಜ ಹೇಳಿದ್ದೇನು? "ಸೆಕಿ ಭಾಳ ಐತಿ. ಅಂಗಿ ಬಿಚ್ಚಿಡು."

ಹುದ್ದೆ ಏರಿದರೂ ಮಾಮಾನ ಕಿಸೆಯಿಂದ ನಟ್ಟು ತಿರುವುವ ಪಾನಾ ಇಳಿಯಲಿಲ್ಲ. ಒಂದು ಸಲ ಇಳಕಲ್ಲಿನಿಂದ ಬಾಗಲಕೋಟೆಗೆ ಹೊರಟಿದ್ದೆವು. ಅಮೀನಗಡ ದಾಟಿದ ಮೇಲೆ ಬಸ್ಸು ಕೆಮ್ಮಿ ನಿಂತಿತು. ಡ್ರೈವರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಮಾಮಾ ಬಸ್ಸಿನ ಕೆಳಗೆ ಮಾಯ! ರಜೆಯ ಸಾದಾ ಬಟ್ಟೆಯಲ್ಲಿದ್ದನಲ್ಲ, ಹೊರಗೆ ಚಾಚಿದ್ದ ಎರಡು ಕಾಲುಗಳಿಗೆ ಕಂಡಕ್ಟರು ಜಬರಿಸತೊಡಗಿದ.

"ಏ ಮೇಸ್ತ್ರಿ, ಲಗೂನ ಮಾಡಲೇ! ಟಾಯಂ ಆಗೈತಿ!"

"ಆತ್ರಿ ಸಾಹೇಬ್ರ, ಇನ್ನೊಂದ ನಟ್ ಅಷ್ಟ," ಎಂದವು ಕಾಲುಗಳು.

ಅವ್ವನಿಗೆ ತಡೆಯಲಾಗಲಿಲ್ಲ. "ಏ ತಮ್ಮಾ, ಯಾರಿಗಿ ಲೇ ಅಂತಿ? ಅಂವ ಮಿಲಿಟರ್ಯಾಗ ಮೇಜರ್ ಅದಾನ!"

ಕಂಡಕ್ಟರನ ಬಾಯಿಂದ ಸೀಟಿ ಕೆಳಗೆ ಬಿತ್ತು. ಮಾಮಾ ಮೈತುಂಬ ಗ್ರೀಸು ಬಳಿದುಕೊಂಡು ಹೊರಬಂದವನೇ ಸೀಟಿ ಎತ್ತಿಕೊಟ್ಟು, "ಮೇಸ್ತ್ರಿ ಅಂದದ್ದ ಖರೆ ಐತಿ. ಮೇಜರ್ ಆಗಿದ್ದು ಆಮ್ಯಾಲ," ಎಂದ. ಆ ಮಾತಿಗೆ ನನ್ನ ಎದೆ ಉಬ್ಬಿದ್ದು ಇನ್ನೂ ಇಳಿದಿಲ್ಲ. ಬಾಗಲಕೋಟೆಯವರೆಗೂ ಡ್ರೈವರು ಸೆಟೆದು ಕೂತೇ ಬಸ್ಸು ಓಡಿಸಿದ.

ಬಾದಾಮಿಯಲ್ಲಿ ಮಾತ್ರ ಅವನ ಅಧಿಕಾರ ನಡೆಯಲಿಲ್ಲ. ಎತ್ತರದ ಪ್ರಕಾರ ನಮ್ಮನ್ನು ಸಾಲಾಗಿ ನಿಲ್ಲಿಸಿ ಗುಹೆಗಳ ಮೆಟ್ಟಿಲು ಹತ್ತಿಸುತ್ತಿದ್ದ. ಎಡಗಾಲು, ಬಲಗಾಲು! ಒಂದು ಮಂಗ ಬಂಡೆಯಿಂದ ಜಿಗಿದು ಅವನ ಟೋಪಿ ಕಿತ್ತುಕೊಂಡು ತನ್ನ ತಲೆಗೇ ಇಟ್ಟುಕೊಂಡಿತು. ಮಾಮಾ ಕಲ್ಲು ನಡುಗುವಂತೆ "ಸಾವಧಾನ್!" ಎಂದು ಗುಡುಗಿದ. ಮಂಗ ಟೋಪಿ ಕೆಳಗೆ ಹಾಕಿತು.

"ನೋಡ್ರಿ, ಹುಕುಂ ಅಂದ್ರ ಮಂಗ್ಯಾಗೂ ತಿಳೀತೈತಿ!"

"ಹುಕುಂ ಅಲ್ಲೋ, ಶೇಂಗಾ!" ಎಂದಳು ಅವ್ವ. ಮಾಮಾನ ಬೆನ್ನ ಹಿಂದಿನಿಂದ ಬೊಗಸೆ ಶೇಂಗಾ ಎಸೆದವಳು ಅವಳೇ. ಆದರೆ ಪಲ್ಟನ್ನಿನಲ್ಲಿ ಇವತ್ತಿಗೂ ಹುಕುಮಿನ ಕಥೆಯೇ ಓಡುತ್ತಿರಬೇಕು.

ಎಂಬತ್ತರ ದಶಕದ ನಡುವಿನಲ್ಲಿ ಮಾಮಾ ಲೆಫ್ಟಿನೆಂಟ್ ಕರ್ನಲ್ ಆದ. ಕಬ್ಬಿಣ ಉಜ್ಜುತ್ತಿದ್ದ ಹುಡುಗ ಕರ್ನಲ್! ಊರವರು ಹಲಗೆ ಬಾರಿಸಿ ಹಾರ ಹಾಕಿದರು. ಅಜ್ಜ ಬಂದಿರಲಿಲ್ಲ. ಮಾಮಾ ಹಾರ ತೆಗೆದು ಅವ್ವನ ಕೈಗಿಟ್ಟು, ಸಮವಸ್ತ್ರದಲ್ಲೇ ಕುರಿದೊಡ್ಡಿಯ ಕಡೆ ನಡೆದ. ಆಗ ನಾನು ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿದ್ದೆ. ನಾನೂ ಅವ್ವನೂ ಹಿಂದೆ ಹೋದೆವು.

ಸಂಜೆಯಾಗಿತ್ತು. ದೊಡ್ಡಿಯ ಬಾಗಿಲಲ್ಲಿ ಅಜ್ಜ ಒಂದೊಂದೇ ಕುರಿಯ ಬೆನ್ನು ಮುಟ್ಟಿ ಒಳಗೆ ಬಿಡುತ್ತಿದ್ದ. ಮಾಮಾ ಎದುರಿಗೆ ಸೆಟೆದು ನಿಂತ.

"ಯಪ್ಪಾ, ಈಗರ ಅವನ್ನ ಒಂದ ಮಾತ ಕೇಳೋ," ಎಂದಳು ಅವ್ವ.

ಅಜ್ಜ ಕೊನೆಯ ಮರಿಯವರೆಗೂ ಬೆನ್ನು ಮುಟ್ಟಿ ಒಳಗೆ ಬಿಟ್ಟ. ಬಾಗಿಲು ಹಾಕಿದ ಮೇಲೆ ಕೇಳಿದ, "ನಿನ್ನ ಕೈಯಾಗ ಎಷ್ಟ ಮಂದಿ ಅದಾರ?"

"ಆರನೂರ ಮಂದಿ, ಯಪ್ಪಾ!" ಮಾಮಾನ ದನಿಯಲ್ಲಿ ಮೂವತ್ತು ವರ್ಷದ ಸಂಭ್ರಮವಿತ್ತು.

"ಎಲ್ಲಾರನೂ ಹೊಳ್ಳಿ ಮನಿ ಮುಟ್ಟಿಸಿಯೇನು?"

ಮಾಮಾನ ಮುಖ ಇಳಿಯಿತು.

"ಯುದ್ಧದಾಗ ನನ್ನ ಕೂಡ ಹನ್ನೊಂದ ಮಂದಿ ಇದ್ರು. ಕೆಟ್ಟ ನಿಂತ ಗಾಡಿ ಎಳಕೊಂಡ ಬರಾಕ ಹೋಗಿದ್ವಿ. ಒಂಬತ್ತ ಮಂದಿನ್ನ ಕರ್ಕೊಂಡ ಬಂದೆ, ಯಪ್ಪಾ. ಇಬ್ರು ಬರಲಿಲ್ಲ."

ಇಷ್ಟು ವರ್ಷ ಅವನು ಇದನ್ನು ನಮಗ್ಯಾರಿಗೂ ಹೇಳಿರಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಅವರ ಹೆಸರು?" ಎಂದ ಅಜ್ಜ.

ಮಾಮಾ ಇಬ್ಬರ ಹೆಸರೂ ಹೇಳಿದ. ಅವರ ಊರು, ಅವ್ವ ಅಪ್ಪನ ಹೆಸರು, ಒಬ್ಬನ ಮಗಳು ಈಗ ಎಷ್ಟನೇ ಇಯತ್ತೆ ಓದುತ್ತಿದ್ದಾಳೆ ಎನ್ನುವುದನ್ನೂ ಹೇಳಿದ. "ಪ್ರತಿ ವರ್ಷ ರಜಾ ಸಿಕ್ಕ ಕೂಡ್ಲೆ ಮೊದಲ ಅವರ ಮನಿಗಿ ಹೋಗ್ತೇನಿ. ಆಮ್ಯಾಲ ಇಲ್ಲಿಗಿ ಬರ್ತೇನಿ," ಎಂದ. ಕರ್ನಲ್ ಸಾಹೇಬ ಕುರಿದೊಡ್ಡಿಯ ಮುಂದೆ ಹುಡುಗನಂತೆ ಅತ್ತ.

ಅಜ್ಜ ತನ್ನ ಕಂಬಳಿಯ ಅಂಚಿನಿಂದ ಮಗನ ಮುಖ ಒರೆಸಿದ. "ಮುಂದಿನ ಸಲ ನಾನೂ ಬರ್ತೇನಿ. ಒಬ್ಬನ ಹೋಗಬ್ಯಾಡ," ಎಂದ.

ಮರುವರ್ಷ ಅಪ್ಪ ಮಗ ಇಬ್ಬರೂ ಹೋದರು. ಅಜ್ಜ ಜೀವನದಲ್ಲಿ ಮೊದಲ ಸಲ ರೈಲು ಹತ್ತಿದ್ದು ಆಗಲೇ. ಎರಡು ದಿನದ ದಾರಿಯುದ್ದಕ್ಕೂ, ಕನ್ನಡ ತಿಳಿದವರಿಗೂ ತಿಳಿಯದವರಿಗೂ, ಯಾರೂ ಕೇಳದಿದ್ದರೂ ಒಂದೇ ಮಾತು ಹೇಳುತ್ತಿದ್ದನಂತೆ.

"ಈಂವ ನನ್ನ ಮಗಾ. ಆರನೂರ ಮಂದಿನ್ನ ಕಾಯ್ತಾನ."