ಬೇಕಾದ ನೀರು ಬರೋಲ್ಲ, ಬೇಡದ ನೀರು ಹೋಗೋಲ್ಲ

ಹೋಟೆಲ್ ಇಟ್ಟವನಿಗೆ ನೀರಿನ ಕಾಟ ಎರಡು ಕಡೆಯಿಂದ. ಬೇಕಾದ ನೀರು ಬರೋಲ್ಲ, ಬೇಡದ ನೀರು ಹೋಗೋಲ್ಲ. ಕುಣಿಗಲ್ಲಿಂದ ಅಮೃತೂರಿಗೆ ಹೋಗೋ ದಾರಿಯಲ್ಲಿ, ಒಂದು ಹಳ್ಳಿಯ ಕ್ರಾಸಿನಲ್ಲಿ ನಾನೂ ನನ್ನ ಹೆಂಡತಿಯೂ ಸೇರಿ ಹೆಂಚಿನ ಹೋಟೆಲೊಂದನ್ನು ನಡೆಸುತ್ತಿದ್ದೆವು. ಆಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಇಡ್ಲಿ ಬೇಯಿಸಿದ್ದಕ್ಕಿಂತ ನೀರಿನ ಜೊತೆ ಗುದ್ದಾಡಿದ್ದೇ ಹೆಚ್ಚು.

ಮೂಗು ಮುಚ್ಕೊಂಡು ಇಳೀರಿ

ನಮ್ಮ ಹೋಟೆಲ್ ಬದುಕಿದ್ದೇ ತುಮಕೂರಿನಿಂದ ಬರುವ ಒಂದು ಪ್ರೈವೇಟ್ ಬಸ್ಸಿನಿಂದ. ಬೆಳಿಗ್ಗೆ ತಿಂಡಿಗೆ ಅದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿತ್ತು. ಪಾತ್ರೆ ತೊಳೆದ ನೀರೂ ಅದೇ ಬಾಗಿಲಲ್ಲಿ ನಿಲ್ಲುತ್ತಿತ್ತು. ಹರಿದು ಹೋಗೋಣ ಅಂದರೆ ಅದಕ್ಕೆ ಮೋರಿ ಎಲ್ಲಿತ್ತು?

ಕಂಡಕ್ಟರ್ ಮಹಾ ತರಲೆ. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಿದ್ದ: “ಹೋಟ್ಲು, ಹೋಟ್ಲು! ಮೂಗು ಮುಚ್ಕೊಂಡು ಇಳೀರಿ!” ಒಂದು ದಿನ ಹಾಗೆ ಕೂಗುತ್ತಲೇ ಹಾರಿದವನು ಜಾರಿ, ಟಿಕೆಟ್ ಬ್ಯಾಗಿನ ಸಮೇತ ಕೊಚ್ಚೆಯಲ್ಲಿ ಕೂತುಬಿಟ್ಟ. ಪ್ಯಾಸೆಂಜರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಅವನು ಎದ್ದು ಹೇಳಿದ ಮಾತು ಹಾಗಿತ್ತು.

“ಮಳೆಗಾಲದೊಳಗೆ ನಮ್ಮ ಮಾಲೀಕ್ರೇ ಬಂದು ನೋಡ್ತಾರಂತೆ. ಈ ಗಬ್ಬು ಹೋಗಿರಬೇಕು, ಕೈ ತೊಳೆಯಾಕೆ ನಲ್ಲಿ ಬಂದಿರಬೇಕು. ಇಲ್ಲದಿದ್ರೆ ಬಸ್ಸು ಕುಣಿಗಲ್ಲಲ್ಲೇ ತಿಂಡಿಗೆ ನಿಲ್ಲುತ್ತೆ.”

ಬಸ್ಸು ನಿಲ್ಲದಿದ್ದರೆ ನಮ್ಮ ಇಡ್ಲಿ ತಿನ್ನುವವರು ನಾವಿಬ್ಬರೇ. ನನ್ನ ಹೆಂಡತಿ ಒಳಗಿನಿಂದ ಸೌಟು ಹಿಡಿದೇ ಬಂದಳು. “ನಲ್ಲಿ ತಾನೇ? ಬರ್ತದೆ ಅಂತ ಹೇಳಿ ನಿಮ್ಮ ಮಾಲೀಕ್ರಿಗೆ. ಈಗ ನೀವು ಹಿತ್ತಲಿಗೆ ನಡೀರಿ. ಈ ಅವತಾರದಲ್ಲಿ ಒಳಗೆ ಬಂದ್ರೆ ನನ್ ಹೋಟ್ಲು ನಾರ್ತದೆ!”

ಎಂಜಲು ನೀರು

ಮಾರನೇ ದಿನವೇ ನಾನು ಕಾಲುವೆ ತೋಡಿ ಕೊಳಕು ನೀರನ್ನು ಹಿಂದಕ್ಕೆ ತಿರುಗಿಸಿದೆ. ಹಿಂದೆ ಪಕ್ಕದವನ ಬಾಳೆತೋಟ. ಅವನು ಪಂಚಾಯ್ತಿ ಸೇರಿಸಿ, ಅರಳಿಕಟ್ಟೆ ಮೇಲೆ ನಿಂತು ಎಗರಾಡಿದ. “ಊರೋರು ಉಗುಳಿದ ಎಂಜ್ಲು ನೀರು ನನ್ ತೋಟಕ್ಕಾ? ನಮ್ಮಪ್ಪನ ಕಾಲದಿಂದ ಮಡಿಯಾಗಿ ಇಟ್ಕೊಂಡಿರೋ ತೋಟ ಕಣಯ್ಯ ಅದು!” ಬಾಳೆತೋಟಕ್ಕೆ ಎಂಥ ಮಡಿಯೋ ನಾ ಕಾಣೆ. ಹಿರಿಯರು ಅವನ ಕಡೆಗೇ ತೀರ್ಪು ಕೊಟ್ಟರು. ನನಗೂ ರೋಷ ಬಂತು. ಹಿತ್ತಲಲ್ಲೇ ಆಳವಾದ ಗುಂಡಿ ತೋಡಿ, ಕಲ್ಲು ಇದ್ದಿಲು ತುಂಬಿ, ಮೇಲೆ ಮಣ್ಣು ಮುಚ್ಚಿ, ನೀರೆಲ್ಲ ಅದರೊಳಗೆ ಇಂಗುವ ಹಾಗೆ ಮಾಡಿದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ, ಗುದ್ದಲಿ ಹಿಡಿದು ನನ್ನ ಕಾಲುವೆಯನ್ನು ತನ್ನ ತೋಟದ ಕಡೆಗೆ ತಿರುಗಿಸ್ತಾ ಇದಾನೆ, ಅದೇ ಪುಣ್ಯಾತ್ಮ! ಬಾಳೆಯೆಲ್ಲ ಸೊರಗಿ ತಲೆ ಬಗ್ಗಿಸಿದ್ದವು.

“ಏನಯ್ಯಾ ಇದು? ಎಂಜ್ಲು ನೀರು ಅಂದೋನು ನೀನೇ ಅಲ್ವಾ?” ಅಂದೆ.

ಅವನು ಗುದ್ದಲಿ ನಿಲ್ಲಿಸಲೇ ಇಲ್ಲ. “ಅದು ಪಂಚಾಯ್ತಿ ಮಾತು ಬುಡು. ತೋಟಕ್ಕೆ ಬಂದ್ಮೇಲೆ ಅದು ಗೊಬ್ರ ಕಣಯ್ಯ!”

ಕಾಯಿ ಸುಳ್ಳು ಹೇಳಲ್ಲ

ಕೊನೆಗೆ ಒಂದು ದಿನ ಅವನ ಬಾಳೆಗೆ, ಒಂದು ದಿನ ನಮ್ಮ ಗುಂಡಿಗೆ ಅಂತ ರಾಜಿಯಾಯಿತು. ಬೇಡದ ನೀರಿನ ಕಥೆ ಮುಗೀತು. ಬೇಕಾದ ನೀರು? ಹಳ್ಳಿಗೆಲ್ಲ ಒಂದೇ ಬಾವಿ, ಅಲ್ಲಿಂದ ಹೊತ್ತು ಹೊತ್ತು ನನ್ನ ಹೆಂಡತಿಯ ಸೊಂಟ ಬಿದ್ದುಹೋಗಿತ್ತು. ಹಿತ್ತಲಲ್ಲೇ ಬಾವಿ ತೆಗೆಸುವುದು ಅಂತ ಹಟ ಹಿಡಿದು, ಗುಬ್ಬಿ ಕಡೆಯಿಂದ ನೀರು ನೋಡುವವರೊಬ್ಬರನ್ನು ಕರೆಸಿದೆ.

ಅವರು ಜುಟ್ಟಿನ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ಕಣ್ಣು ಅರೆಮುಚ್ಚಿ ಹಿತ್ತಲೆಲ್ಲ ನಡೆದರು. ನೀರಿರುವ ಕಡೆ ಕಾಯಿ ಎದ್ದು ನಿಲ್ಲಬೇಕು. ಎಲ್ಲೂ ಏಳಲಿಲ್ಲ. ಒಂದು ಮೂಲೆಗೆ ಬಂದದ್ದೇ ತಡ, ಕಾಯಿ ಸೆಟೆದು ನಿಂತಿತು!

“ಬಂತು ನೋಡಿ ಗಂಗಮ್ಮ! ಮೇಲ್ಮಟ್ಟದಲ್ಲೇ ಇದಾಳೆ. ಕೈ ಹಾಕಿದ್ರೆ ನೀರು!”

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ನಾನೇ ಹೇಳಬೇಕಾಯಿತು: “ಇದೆ ಸ್ವಾಮಿ, ನಿಜ. ಅದು ನಿನ್ನೆ ನಾವೇ ಗುಂಡಿಗೆ ಬಿಟ್ಟಿರೋ ಮುಸುರೆ ನೀರು.”

ಅವರು ಸ್ವಲ್ಪವೂ ಅಲ್ಲಾಡಲಿಲ್ಲ. “ಅಂದ್ಮೇಲೆ ನಮ್ಮ ಕಾಯಿ ಸುಳ್ಳು ಹೇಳಲ್ಲ ಅಂತ ನಿಮಗೇ ಗೊತ್ತಾಯ್ತಲ್ಲ! ತೆಗೀರಿ ದಕ್ಷಿಣೆ!”

ಸಾಹೇಬರ ವಜೂ

ನೀರು ನೋಡುವವರು ಆಮೇಲೆ ತೋರಿಸಿದ ಬೇರೆ ಜಾಗದಲ್ಲಿ ನಿಜವಾಗಿಯೂ ನೀರು ಬಂತು. ಬಾವಿಯಾಯಿತು, ಮೋಟಾರಾಯಿತು. ಹಿತ್ತಲ ಗೋಡೆಯಾಚೆ ಕಲ್ಲುಕಟ್ಟೆ ಕಟ್ಟಿಸಿ, ಮೇಲೆ ಸಿಮೆಂಟ್ ತೊಟ್ಟಿ ಕೂರಿಸಿ, ಅಲ್ಲಿಂದ ಪೈಪು ಎಳೆದು ಗೋಡೆಯ ಈಚೆಗೆ ಪಳಪಳ ಹೊಳೆಯುವ ನಲ್ಲಿ ಹಾಕಿಸಿದೆ. ನಾಳೆ ಬಸ್ ಮಾಲೀಕರು ಬರ್ತಾರೆ ಅಂತ ಸುದ್ದಿ ಬಂತು. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ಅಡ್ಡಡ್ಡ ಸೀಳಿಕೊಂಡು ಖಾಲಿ! ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಮುಗೀತು ನಮ್ಮ ಕಥೆ ಅಂದುಕೊಂಡೆ.

“ಏಳ್ರೀ ಮೇಲೆ,” ಅಂದಳು ಹೆಂಡತಿ. “ಅವ್ರು ನೋಡೋದು ನಲ್ಲೀನ, ತೊಟ್ಟೀನಲ್ಲ.” ಪೈಪನ್ನು ತೊಟ್ಟಿಯಿಂದ ಬಿಡಿಸಿ ಅದರ ಬಾಯಿಗೆ ಲಾಳಿಕೆ ಸಿಕ್ಕಿಸಿದಳು. ಸುತ್ತ ತುಂಬಿದ ಕೊಡಗಳನ್ನು ಜೋಡಿಸಿಕೊಂಡು ಕಟ್ಟೆ ಹತ್ತಿದಳು. ನಾನು ಕೆಮ್ಮಿದರೆ ಸುರಿಯಬೇಕು, ಮತ್ತೆ ಕೆಮ್ಮಿದರೆ ನಿಲ್ಲಿಸಬೇಕು ಅಂತ ಮಾತಾಯಿತು.

ಮಧ್ಯಾಹ್ನ ವಾಪಸ್ ಬರುವ ಬಸ್ಸಿನಲ್ಲಿ ಮಾಲೀಕರು ಬಂದಿಳಿದರು. ತುಮಕೂರಿನ ಸಾಹೇಬರು, ಬಿಳೀ ಗಡ್ಡದ ಗಂಭೀರ ಮನುಷ್ಯ. ಮೂಗು ಅರಳಿಸಿ ನೋಡಿದರು, ವಾಸನೆ ಇಲ್ಲ. ನಲ್ಲಿ ತಿರುಗಿಸಿದರು. ನಾನು ಕೆಮ್ಮಿದೆ. ನೀರು ಜರ್ರನೆ ಬಂತು! ಕೈ ತೊಳೆದರು, ನಲ್ಲಿ ನಿಲ್ಲಿಸಿದರು, ನಾನು ಮತ್ತೆ ಕೆಮ್ಮಿದೆ. ಗೆದ್ದೆ ಅಂದುಕೊಂಡೆ.

“ನೀರು ಚೆನ್ನಾಗಿ ಬರ್ತಾ ಇದೆ. ನಮಾಜಿನ ಹೊತ್ತಾಯ್ತು, ಕೈಕಾಲು ಮುಖ ತೊಳೆದು ವಜೂನೂ ಇಲ್ಲೇ ಮಾಡ್ಕೊಂಡುಬಿಡ್ತೀನಿ,” ಅಂದರು ಸಾಹೇಬರು. ಚಪ್ಪಲಿ ಬಿಟ್ಟು, ತೋಳು ಮಡಚಿ, ಮತ್ತೆ ನಲ್ಲಿ ತಿರುಗಿಸಿದರು.

ವಿಧಿಯಿಲ್ಲದೆ ಮತ್ತೆ ಕೆಮ್ಮಿದೆ. ಅವರು ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಮೂಗು, ಮುಖ, ಮೊಣಕೈವರೆಗೆ ತೋಳು. ಒಂದನ್ನೂ ಒಂದೇ ಸಲಕ್ಕೆ ಬಿಡುವವರಲ್ಲ, ಎಲ್ಲ ಮೂರು ಮೂರು ಸಲ. ಗೋಡೆಯಾಚೆ ಒಂದೊಂದೇ ಖಾಲಿ ಕೊಡ ಠಣ್ ಅನ್ನುವುದು ನನಗೆ ಕೇಳಿಸುತ್ತಿತ್ತು. ಬಲಗಾಲು ಮುಗಿಸಿ ಎಡಗಾಲು ಎತ್ತುವಷ್ಟರಲ್ಲಿ ನೀರು ನಿಂತಿತು. ಗೋಡೆಯಾಚೆಯಿಂದ ದನಿ ಬಂತು:

“ಏನ್ರೀ, ಅವ್ರೇನು ಕೈ ತೊಳೀತಾವ್ರಾ, ಸ್ನಾನ ಮಾಡ್ತಾವ್ರಾ? ಇನ್ನೊಂದೇ ಕೊಡ ಇರೋದು!”

ಸಾಹೇಬರು ನನ್ನ ಮುಖ ನೋಡಿದರು. ಬರಿಗಾಲಲ್ಲೇ ಗೋಡೆ ಸುತ್ತಿ ಆಚೆ ಹೋದರು. ನಾನು ಹಿಂದೆಯೇ ಓಡಿದೆ. ಕಟ್ಟೆ ಮೇಲೆ ನನ್ನ ಹೆಂಡತಿ, ಅರ್ಧ ನೆನೆದು, ಸೊಂಟದಲ್ಲಿ ಕೊನೇ ಕೊಡ ಇಟ್ಟುಕೊಂಡು ನಿಂತಿದ್ದಳು. ಸಾಹೇಬರು ಲಾಳಿಕೆ ನೋಡಿದರು, ಸೀಳಿದ ತೊಟ್ಟಿ ನೋಡಿದರು. ಆಮೇಲೆ ಗಡ್ಡವೆಲ್ಲ ಅಲುಗಾಡುವ ಹಾಗೆ ನಕ್ಕರು.

“ಆಯ್ತಮ್ಮ, ಬಸ್ಸು ಇನ್ನು ಇಲ್ಲೇ ನಿಲ್ಲುತ್ತೆ. ಇನ್ನೊಂದು ಕಾಲಿಗೆ ನೀರು ಬಿಡಿ.”

ಅವಳು ಕೊಡ ಬಗ್ಗಿಸಲಿಲ್ಲ.

“ಮೊದ್ಲು ಆ ಮಾತು ನಿಮ್ಮ ಡ್ರೈವರಿಗೆ ಹೇಳಿ ಬನ್ನಿ ಸಾಹೇಬ್ರೆ. ಇನ್ನೊಂದು ಕಾಲಿಗೆ ಆಮೇಲೆ ಬಿಡ್ತೀನಿ.”