ಗೆರೆ ತೋರಿಸದ ಅಯಸ್ಕಾಂತ

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಔಷಧದ ಲ್ಯಾಬಿನಲ್ಲಿ ರಸಾಯನಶಾಸ್ತ್ರ ನಡೆಯುವುದು ಅಪರೂಪ. ಮುಂದೆ ಹೇಳುವಂಥವು ಮಾತ್ರ ತಪ್ಪದೆ ನಡೆಯುತ್ತವೆ.

ಎಲ್ಲಕ್ಕೂ ಮೂಲ ನಮ್ಮ ಎನ್‌ಎಂಆರ್ ಯಂತ್ರ. ಆಳೆತ್ತರದ ಅಯಸ್ಕಾಂತ ಅದು. ಗಾಜಿನ ಟ್ಯೂಬಿನಲ್ಲಿ ದ್ರಾವಣ ತುಂಬಿ ಒಳಗಿಳಿಸಿದರೆ, ಅದರಲ್ಲಿ ಏನೇನಿದೆಯೋ ಅದಕ್ಕೆಲ್ಲ ಕಂಪ್ಯೂಟರಿನಲ್ಲಿ ಗೆರೆ ಏಳಬೇಕು. ನಾವು ಹುಡುಕುತ್ತಿದ್ದದ್ದು ಕ್ರಿಯೆಯ ನಡುವೆ ಹುಟ್ಟಿ ಎರಡೇ ನಿಮಿಷದಲ್ಲಿ ಮಾಯವಾಗುವ ಒಂದು ವಸ್ತುವನ್ನು. ಅದರ ಗೆರೆ ಪರದೆಯ ತುಂಬ ಏಳುವ ಚಿಲ್ಲರೆ ಗೀಚುಗಳ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಹತ್ತಾರು ಸಲ ಅಳೆದು ಕೂಡಿಸಿದರೆ ಕಂಡೀತು, ಆದರೆ ಅಷ್ಟರಲ್ಲಿ ಆ ವಸ್ತುವೇ ಇರುತ್ತಿರಲಿಲ್ಲ. ಗೆರೆ ತೋರಿಸದಿದ್ದರೆ ಯಂತ್ರವನ್ನು ಹೈದರಾಬಾದಿಗೆ ಸಾಗಿಸುತ್ತೇವೆ ಎಂದು ಹೆಡ್ ಆಫೀಸಿನವರು ಹೇಳಿದ್ದರು. ಯಂತ್ರ ಹೋದರೆ ಇಲ್ಲಿ ನನಗೂ ಕೆಲಸವಿಲ್ಲ. ನಿಜಕ್ಕೂ ಹೆದರಿದ್ದೆ.

೧. ಪೂಜೆ

ಆಯುಧಪೂಜೆಯ ದಿನ ಮ್ಯಾನೇಜರು, "ಮಿಷಿನ್ನಿಗೂ ಪೂಜೆ ಆಗ್ಲಿ, ಗೆರೆ ಬಂದ್ರೂ ಬರ್ಬೋದು" ಎಂದರು. ಕಬ್ಬಿಣದ್ದೇನೂ ತರಬೇಡಿ ಎಂದು ಅರ್ಚಕರಿಗೆ ಮೊದಲೇ ಹೇಳಿದ್ದೆ. ಗಂಟೆ ಹಿತ್ತಾಳೆ, ತಟ್ಟೆ ಬೆಳ್ಳಿ, ಎಲ್ಲ ಸರಿಯಿತ್ತು. ಕುಂಕುಮ ಇಡಲು ಬಗ್ಗಿದರು ನೋಡಿ, ಸೊಂಟಕ್ಕೆ ಸಿಕ್ಕಿಸಿದ್ದ ಕೀ ಗೊಂಚಲು ಹಾರಿಹೋಗಿ ಯಂತ್ರಕ್ಕೆ ಅಂಟಿಕೊಂಡಿತು. ಅರ್ಚಕರು ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡರು.

"ಇಷ್ಟು ವರ್ಷ ಪೂಜೆ ಮಾಡಿದ್ದೀನಿ," ಎಂದರು. "ಕೊಡೋವರ್ಗೂ ಕಾಯದೇ ಕಿತ್ಕೊಂಡ ದೇವ್ರು ಇದೊಂದೇ."

೨. ಟ್ರ್ಯಾಕ್ಟರ್

ಪೂಜೆಯಾದರೂ ಗೆರೆ ಬರಲಿಲ್ಲ. ಕೊನೆಗೆ ಕಾರಣ ಗೊತ್ತಾಯಿತು. ಪಕ್ಕದ ದ್ರಾಕ್ಷಿ ತೋಟದ ಗೌಡರು ನಮ್ಮ ಗೋಡೆಯ ನೆರಳಿಗೆ ಟ್ರ್ಯಾಕ್ಟರ್ ತಂದಾಗಲೆಲ್ಲ ಗೆರೆಗಳು ದಪ್ಪಗಾಗಿ ಕುಸಿಯುತ್ತಿದ್ದವು. ಅಷ್ಟೊಂದು ಕಬ್ಬಿಣ ಹತ್ತಿರ ಓಡಾಡಿದರೆ ಅಯಸ್ಕಾಂತಕ್ಕೆ ನೆಮ್ಮದಿ ಇರುವುದಿಲ್ಲ. ಹೋಗಿ ಕೇಳಿಕೊಂಡೆ.

"ಗೌಡ್ರೇ, ಟ್ರ್ಯಾಕ್ಟರ್ನ ಆ ಹೊಂಗೆ ಮರದ ಕೆಳಗೆ ನಿಲ್ಲಿಸ್ತೀರಾ? ಈ ಗೋಡೆ ಹಿಂದೇನೇ ನಮ್ಮ ಅಯಸ್ಕಾಂತ ಇರೋದು."

ಗೌಡರು ಗೋಡೆ ನೋಡಿದರು, ಟ್ರ್ಯಾಕ್ಟರ್ ನೋಡಿದರು.

"ಜೋರಾಗಿ ಎಳೀತದಾ?"

"ಎಳೀತದೆ."

"ಅದಕ್ಕೇ ಕಣಪ್ಪಾ, ಹೊಸಾ ಗಾಡಿ ಇಷ್ಟೊಂದು ಡೀಸೆಲ್ ಕುಡೀತಿರೋದು. ನಾನು ಸುಮ್ಸುಮ್ನೆ ಶೋರೂಮಿನೋನ ಜೊತೆ ಜಗಳ ಆಡ್ಬಿಟ್ಟೆ."

೩. ಗೆರೆ

ಟ್ರ್ಯಾಕ್ಟರ್ ಹೊಂಗೆ ಮರದ ಕೆಳಗೆ ಹೋದ ಬೆನ್ನಿಗೇ ಹೆಡ್ ಆಫೀಸಿನವರು ಪರೀಕ್ಷೆ ನೋಡಲು ಬಂದೇಬಿಟ್ಟರು. ದೊಡ್ಡವರ ಎದುರು ಕೊಳಕು ಕಾಣಬಾರದೆಂದು ಮ್ಯಾನೇಜರು ನಾನು ತೊಳೆದಿಟ್ಟಿದ್ದ ಟ್ಯೂಬನ್ನು ತಾವೇ ಇನ್ನೊಮ್ಮೆ ಅಸಿಟೋನಿನಲ್ಲಿ ತೊಳೆದು, ಹಸಿಹಸಿಯಾಗೇ ಕೈಗಿತ್ತರು. ದ್ರಾವಣ ತುಂಬಿ ಇಳಿಸಿದೆ. ಕಂಪ್ಯೂಟರಿನಲ್ಲಿ ಗೋಪುರದಂಥ ಗೆರೆ ಎದ್ದಿತು. ಬಂದವರು ಎದ್ದು ನಿಂತು ಮ್ಯಾನೇಜರ ಕೈ ಕುಲುಕಿದರು. ಯಂತ್ರ ಇಲ್ಲೇ ಇರಲಿ ಎಂದರು.

ನಾನು ಮೆಲ್ಲಗೆ ಹೇಳಿದೆ. "ಸಾರ್, ಅದು ನೀವು ಟ್ಯೂಬ್ ತೊಳೆದ ಅಸಿಟೋನು."

"ಮತ್ತೆ ನಮ್ದು?"

ಗೋಪುರದ ಪಕ್ಕದಲ್ಲಿ ಉಗುರಿನಷ್ಟೆತ್ತರದ ಗೆರೆ ತೋರಿಸಿದೆ. ತಿಂಗಳುಗಟ್ಟಲೆ ಹುಡುಕಿದ್ದು, ಮೊದಲ ಸಲ ಬಂದಿತ್ತು. ನನಗೆ ಕಣ್ಣು ತುಂಬಿತು. ಬಂದವರು ಗೋಪುರದ ಫೋಟೋ ತೆಗೆದುಕೊಳ್ಳುತ್ತಿದ್ದರು.

ಮ್ಯಾನೇಜರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಇದು ತೀರಾ ಸಣ್ಣದಾಯ್ತು ಕಣಯ್ಯಾ," ಎಂದರು. "ಮುಂದಿನ ತಿಂಗ್ಳು ಚೇರ್ಮನ್ನರೇ ಬರ್ತಾರೆ. ಆವತ್ತೂ ಟ್ಯೂಬ್ ನಾನೇ ತೊಳೀತೀನಿ."